ಡೈನೊಸಾರ್ ಹೊಟ್ಟೆಯೊಳಗೆ ನಮ್ಮಣ್ಣ

ನಮ್ಮಣ್ಣನ ಮಿಲ್ಲಿನ ಕೆಲಸ ಹೋದ ವರ್ಷವೇ ಡೈನೊಸಾರ್ ಎಂಬ ಶಬ್ದ ಮೊದಲ ಸಲ ನನ್ನ ಕಿವಿಗೆ ಬಿತ್ತು. ಎಪ್ಪತ್ತೊಂದರ ಯುದ್ಧ ಮುಗಿದು, ರಾತ್ರಿ ದೀಪ ಮರೆಸುವ ಬ್ಲ್ಯಾಕೌಟ್ ತೆಗೆದಿದ್ದರೂ ನಮ್ಮ ಚಾಳಿನ ಕೆಲವು ಕಿಟಕಿಗಳಲ್ಲಿ ಕಂದು ಕಾಗದ ಹಾಗೇ ಉಳಿದಿತ್ತು. ಕಾಂದಿವಲಿ ಪೂರ್ವದಲ್ಲಿ, ಕಾರ್ಖಾನೆಗಳ ಹಿಂಭಾಗದಲ್ಲಿ, ಒಂದೇ ಖೋಲಿಯ ಮನೆ ನಮ್ಮದು. ಅವ್ವ, ಅಣ್ಣ, ನಾನು, ಮೂರೇ ಜನ. ನಾನು ಚಿಕ್ಕವಳಿದ್ದಾಗಲೇ ಅಪ್ಪ ಬಿಜಾಪುರದ ಕಡೆಯ ನಮ್ಮ ಊರಿನಲ್ಲಿ ತೀರಿಕೊಂಡಿದ್ದ. ಆಮೇಲೆ ಅವ್ವ ತನ್ನ ತಮ್ಮನ ಬೆನ್ನು ಹತ್ತಿ ನಮ್ಮಿಬ್ಬರನ್ನೂ ಮುಂಬಯಿಗೆ ಕರೆತಂದಳು. ಮಲಾಡಿನ ಬಿಲ್ಡಿಂಗುಗಳಲ್ಲಿ ಭಾಂಡಿ ತಿಕ್ಕುವ ಕೆಲಸ ಹಿಡಿದಳು. ಅಣ್ಣ ಮೀಸೆ ಮೂಡುವ ಮೊದಲೇ ಪರೇಲಿನ ಒಂದು ಬಟ್ಟೆ ಮಿಲ್ಲಿಗೆ ಸೇರಿದ.

ಹತ್ತಿಯ ಅಂಡಿಗೆಗಳನ್ನು ಒಡೆದು, ಯಂತ್ರಕ್ಕೆ ಹಾಕಿ ಬಿಡಿಸುವ ಖಾತೆಯಲ್ಲಿ ಅವನಿಗೆ ಕೆಲಸ. ಕಾಯಂ ಅಲ್ಲ, ಬದಲಿ. ಕಾಯಂ ಕೆಲಸಗಾರ ಯಾರಾದರೂ ಬರದಿದ್ದ ದಿನ ಇವನನ್ನು ಒಳಗೆ ಬಿಡುತ್ತಿದ್ದರು. ಎಲ್ಲರೂ ಬಂದಿದ್ದರೆ ಗೇಟಿನಿಂದಲೇ ವಾಪಸು. ಕೆಲಸ ಸಿಕ್ಕ ದಿನ ಮನೆಗೆ ಬಂದಾಗ ಅವನ ಹುಬ್ಬು, ಕಣ್ಣಿನ ರೆಪ್ಪೆ, ಕಿವಿಯೊಳಗಿನ ಕೂದಲು ಕೂಡ ಬೆಳ್ಳಗಾಗಿರುತ್ತಿದ್ದವು. ನಾನು ಸಣ್ಣವಳಿದ್ದಾಗ ಅದನ್ನು ನೋಡಿ ನಗುತ್ತಿದ್ದೆ. ಅವನೂ ಮುದುಕನಂತೆ ಬಾಯಿ ಸೊಟ್ಟ ಮಾಡಿ ನಗಿಸುತ್ತಿದ್ದ. ರಜೆ ಮುಗಿದು ಮತ್ತೆ ಖಾತೆಗೆ ಹೋದ ಮೊದಲ ದಿನ ಅವನ ಎದೆ ಬಿಗಿದು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮಿಲ್ಲಿನವರು ಅದಕ್ಕೆ ಸೋಮವಾರದ ಜಡ್ಡು ಎಂದು ಹೆಸರಿಟ್ಟಿದ್ದರು. ಎರಡನೆಯ ದಿನಕ್ಕೆ ಸರಿಹೋಗುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಮಂಗಳವಾರವೂ ಸರಿಹೋಗಲಿಲ್ಲ, ಬುಧವಾರವೂ ಸರಿಹೋಗಲಿಲ್ಲ. ಹೆಣ್ಣು ಕೊಡಲು ಬಂದವರು ಚಹಾ ಕುಡಿಯುತ್ತ ಅವನ ಕೆಮ್ಮು ಕೇಳಿ, ಊರಿಗೆ ಹೋಗಿ ತಿಳಿಸುತ್ತೇವೆಂದು ಎದ್ದುಹೋದರು. ಒಂದು ಬೆಳಿಗ್ಗೆ ಖಾತೆಗೆ ಆಳುಗಳನ್ನು ಗೊತ್ತುಮಾಡುವ ಜಾಬರ್ ಗೇಟಿನಲ್ಲಿ ಅವನ ಭುಜದ ಮೇಲೆ ಕೈಯಿಟ್ಟು, ಇನ್ನು ಬರಬೇಡ, ನಿನ್ನಿಂದ ಆಗುವುದಿಲ್ಲ ಅಂದ. ಅಣ್ಣ ಆಗ ಮೂವತ್ತರ ಒಳಗಿದ್ದ.

ಆ ಬೇಸಿಗೆಯಲ್ಲಿ ಮಲಾಡ್ ಸ್ಟೇಷನ್ನಿನ ಆಚೆಯ ಮೈದಾನದಲ್ಲಿ ಒಂದು ಪ್ರದರ್ಶನ ಬಂದು ಇಳಿಯಿತು. ತಿರುಗುವ ತೊಟ್ಟಿಲು, ಜಾದೂ, ನಗಿಸುವ ಕನ್ನಡಿಗಳು, ಸೀರೆ ಅಂಗಡಿಗಳು. ಅಣ್ಣ ಅಲ್ಲಿ ಕೆಲಸ ಕೇಳಿಕೊಂಡು ಹೋಗಿದ್ದವನು ಸಂಜೆ ನಗುನಗುತ್ತ ಬಂದ.

"ಏನ್ ಕೆಲ್ಸಪಾ?" ಅಂತ ಅವ್ವ ಕೇಳಿದಳು.

"ಒಂದು ದೊಡ್ಡ ಪ್ರಾಣಿ ಐತಿ. ಅದರ ಹೊಟ್ಟ್ಯಾಗ ಕುಂತು ಕುತ್ತಿಗಿ ಆಡಸಬೇಕು."

"ಜೀವಂತ ಐತೇನು?"

"ಜೀವಂತ ಇದ್ರ ಹೊಟ್ಟ್ಯಾಗ ಹೆಂಗ ಕುಂಡ್ರತಾರವಾ? ಬಿದಿರಿಂದು. ಮ್ಯಾಲ ಗೋಣಿತಟ್ಟು ಹೊಲದು ಬಣ್ಣ ಬಳದಾರ. ಡೈನೊಸಾರ್ ಅಂತಾರ ಅದಕ್ಕ. ಭಾಳ ಹಿಂದ ಇದ್ದುವಂತ, ಮನಷ್ಯಾರು ಹುಟ್ಟೂಕಿಂತ ಮೊದಲ. ಎಲ್ಲಾ ಸತ್ತು ಹೋಗ್ಯಾವಂತ."

ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಸತ್ತದ್ದರ ಹೊಟ್ಟ್ಯಾಗ ಯಾಕ ಹೋಗಿ ಕುಂಡ್ರತೀಯೋ, ನನ್ನಪ್ಪಾ?" ಅಂದಳು. ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡ. ಕೈಕಾಲು ತೊಳೆಯಲು ಹೊರಗೆ ಹೋದ.

ನಾನು ಮೆಟ್ರಿಕ್ ಮುಗಿಸಿ ಕೆಲಸ ಹುಡುಕುತ್ತಿದ್ದೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿತಿದ್ದರೂ ಚಾಳಿನ ಕೃಪೆಯಿಂದ ಮರಾಠಿ, ಹಿಂದಿ ಎರಡೂ ನಾಲಿಗೆಯ ಮೇಲಿದ್ದವು. ಪ್ರಾಣಿಯ ಮುಂದೆ ನಿಂತು ಮೈಕಿನಲ್ಲಿ ಮಾತಾಡುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಅಣ್ಣ ನನ್ನ ಹೆಸರು ಹೇಳಿದ. ಪ್ರದರ್ಶನದ ಮಾಲೀಕನನ್ನು ಎಲ್ಲರೂ ಶೇಟ್ ಎನ್ನುತ್ತಿದ್ದರು. ಸ್ಥೂಲ ದೇಹದ, ಮೆಲ್ಲಗೆ ಮಾತಾಡುವ ಮನುಷ್ಯ. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ಏನಾದರೂ ಹೇಳು ಅಂದ. ನಾನು ಲೋಕಲ್ ಗಾಡಿಯ ಸ್ಟೇಷನ್ನುಗಳ ಹೆಸರನ್ನು ಚರ್ಚ್‌ಗೇಟಿನಿಂದ ಶುರುಮಾಡಿ ಹೇಳುತ್ತ ಹೋದೆ. ಅಂಧೇರಿ ಬರುವಷ್ಟರಲ್ಲಿ ಸಾಕು ಅಂದ.

ಪ್ರಾಣಿಯನ್ನು ಅವತ್ತೇ ಮೊದಲು ನೋಡಿದೆ. ಒಂದು ಬಸ್ಸಿನಷ್ಟು ಉದ್ದ. ಕಪ್ಪು ಹಸಿರು ಬಣ್ಣ, ಕೆಂಪು ಬಲ್ಬಿನ ಕಣ್ಣು, ಮೂಗಿನ ಮೇಲೆ ಎಮ್ಮೆಯದರಂಥ ಒಂದು ಕೊಂಬು. ಶೇಟ್ ಅದನ್ನು ಹುಟ್ಟುಹಾಕಿದವನಲ್ಲ. ಪುರಾಣದ ಸಿನಿಮಾ ತೆಗೆಯುತ್ತಿದ್ದ ಒಂದು ಸ್ಟುಡಿಯೋದವರು ರಾಕ್ಷಸನ ವಾಹನವೆಂದು ಮಾಡಿಸಿ, ಚಿತ್ರ ಅರ್ಧಕ್ಕೆ ನಿಂತ ಮೇಲೆ ಮೂಲೆಗೆಸೆದಿದ್ದರಂತೆ. ಶೇಟ್ ಅದನ್ನು ಕೊಂಡು ತಂದು, ರೆಕ್ಕೆಗಳನ್ನು ಕತ್ತರಿಸಿ, ಡೈನೊಸಾರ್ ಎಂದು ಬೋರ್ಡು ಬರೆಸಿದ. ಬಾಲದ ಬುಡದಲ್ಲಿ ಗೋಣಿತಟ್ಟಿನ ಒಂದು ಪರದೆ. ಅದನ್ನು ಸರಿಸಿ ಅಂಬೆಗಾಲಿನಲ್ಲಿ ಒಳಗೆ ಹೋದರೆ ಹೊಟ್ಟೆಯಲ್ಲಿ ಕೂರಲು ಒಂದು ಹಲಗೆ. ಕೈಯಲ್ಲಿ ಹಗ್ಗ ಎಳೆದರೆ ರಾಟೆಯ ಮೇಲೆ ಕುತ್ತಿಗೆ ಏಳುತ್ತಿತ್ತು. ಕಾಲಲ್ಲಿ ಹಳೆಯ ಹೊಲಿಗೆ ಯಂತ್ರದ ಪೆಡಲ್ ತುಳಿದರೆ ದವಡೆ ತೆರೆದು ಮುಚ್ಚುತ್ತಿತ್ತು. ಗರ್ಜನೆಗೆ ಚರ್ಮ ಬಿಗಿದ ಒಂದು ಡಬ್ಬ. ಅದರ ಮಧ್ಯದಿಂದ ಇಳಿಬಿಟ್ಟ ಮೇಣದ ದಾರವನ್ನು ಬೆರಳಿನಿಂದ ಬಿಗಿಹಿಡಿದು ಎಳೆದರೆ ಮೈ ಜುಮ್ಮೆನ್ನುವಂಥ ದನಿ. ಮೇ ತಿಂಗಳ ಸೆಕೆಯಲ್ಲಿ ಅಣ್ಣ ಬನಿಯನ್ನೂ ಬಿಚ್ಚಿ, ಟವೆಲ್ ಸುತ್ತಿಕೊಂಡು ಅದರೊಳಗೆ ಕೂರುತ್ತಿದ್ದ. ಆಟ ಮುಗಿದು ಹೊರಗೆ ಬಂದಾಗ ಮೈಯೆಲ್ಲ ಗೋಣಿಯ ನಾರು ಅಂಟಿರುತ್ತಿತ್ತು. ಮಿಲ್ಲಿನ ಹತ್ತಿಗಿಂತ ಇದು ಮೇಲು, ಇದು ಕಪ್ಪಗಿದೆ, ಯಾರಿಗೂ ಕಾಣುವುದಿಲ್ಲ ಎನ್ನುತ್ತಿದ್ದ.

ಜನ ಬಂದರು. ಅವರು ಏನನ್ನು ನೋಡಿದರೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಇಂಗ್ಲಿಷ್ ಶಾಲೆಯ ಮಕ್ಕಳು ಹೆಸರು ಮೊದಲೇ ಕೇಳಿದವರಂತೆ ಕೂಗುತ್ತಿದ್ದರು. ನಮ್ಮ ಕಡೆಯ ಗೌಂಡಿ ಕೆಲಸದ ಹೆಂಗಸರು ಕೂಸುಗಳ ಮುಖವನ್ನು ಸೆರಗಿನಲ್ಲಿ ಮುಚ್ಚಿ, ತಾವು ಮಾತ್ರ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಒಬ್ಬ ಮುದುಕ, ಇದು ಈಗಲೂ ಘಟ್ಟದ ಕಾಡಿನಲ್ಲಿದೆ, ನಮ್ಮಜ್ಜ ಕಂಡಿದ್ದ ಎಂದು ವಾದಿಸಿದ. ಇನ್ನೊಬ್ಬಳು ಚಪ್ಪಲಿ ಬಿಟ್ಟು ಕೈಮುಗಿದಳು. ಶೇಟ್ ನನಗೆ ಬಾಯಿಪಾಠ ಮಾಡಿಸಿದ್ದ ಮಾತಿನಲ್ಲಿ ಈ ಪ್ರಾಣಿ ದಿನಕ್ಕೊಂದು ಊರಿನ ಜನರನ್ನು ತಿನ್ನುತ್ತಿತ್ತು ಎಂದಿತ್ತು. ನಾನು ಹಾಗೇ ಹೇಳುತ್ತಿದ್ದೆ. ನನಗೆ ಬೇರೆ ತಿಳಿದಿರಲಿಲ್ಲ.

ತಿಳಿಸಿದವರು ಒಬ್ಬ ಮೇಷ್ಟ್ರು. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದವರು, ಧಾರವಾಡದವರು, ಐವತ್ತು ದಾಟಿದ್ದರು. ಒಂದು ಸಂಜೆ ಆಟ ಮುಗಿದ ಮೇಲೆ ಮೈಕಿನ ಹತ್ತಿರ ಬಂದು, "ನಿಮ್ಮ ಮರಾಠಿಯೊಳಗ ಕನ್ನಡ ಕೇಳಿಸ್ತು. ಯಾವೂರವಾ ನಿಮ್ಮದು?" ಅಂತ ಕನ್ನಡದಲ್ಲೇ ಕೇಳಿದರು. ಹೇಳಿದೆ. ಅವರು ಪ್ರಾಣಿಯ ಸುತ್ತ ಒಂದು ಸಲ ನಡೆದು ಬಂದರು.

"ಆ ಮೂಗಿನ ಮ್ಯಾಲಿನ ಕೊಂಬು ಯಾರು ಇಟ್ಟಾರ?"

"ಮೊದಲಿಂದ ಐತ್ರಿ."

"ಇಂಗ್ಲೆಂಡಿನಾಗ ಒಬ್ಬ ಡಾಕ್ಟರನೂ ಹಿಂಗ ಮಾಡಿದ್ದ. ಮೊಟ್ಟಮೊದಲು ಇವುಗಳ ಎಲುಬು ಸಿಕ್ಕಾಗ, ಒಂದು ಚೂಪಾದ ಎಲುಬು ನೋಡಿ ಇದು ಮೂಗಿನ ಕೊಂಬು ಅಂತ ತಿಳಕೊಂಡ. ಮುಂದ ಎಷ್ಟೋ ವರ್ಷ ಆದಮ್ಯಾಲೆ ಒಂದ ಕಡೆ ಅಂಥಾವ ಹಿಂಡಗಟ್ಟಲೆ ಸಿಕ್ಕವು. ನೋಡಿದ್ರ ಅದು ಹೆಬ್ಬಟ್ಟು." ಅವರು ತಮ್ಮ ಹೆಬ್ಬೆರಳನ್ನು ಎತ್ತಿ ತೋರಿಸಿದರು. "ಅಲ್ಲೀತನ ಜಗತ್ತೆಲ್ಲ ಹೆಬ್ಬಟ್ಟನ್ನ ಮೂಗಿನ ಮ್ಯಾಲೆ ಇಟ್ಟು ಚಿತ್ರಾ ಬರೀತು."

ಅಣ್ಣ ಅಷ್ಟರಲ್ಲಿ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತ ಕೇಳುತ್ತಿದ್ದ. ಮೇಷ್ಟ್ರು ಅವನಿಗೂ ಹೇಳಿದರು. ನಮ್ಮ ದೇಶದಲ್ಲೂ ಇವು ಇದ್ದವು. ನೂರೈವತ್ತು ವರ್ಷದ ಹತ್ತತ್ತಿರ ಆಯಿತು, ಜಬಲಪುರದ ಹತ್ತಿರದ ಗುಡ್ಡದಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿಗೆ ಕೆಲವು ಎಲುಬು ಸಿಕ್ಕವು, ಏನೆಂದು ಯಾರಿಗೂ ತಿಳಿಯದೆ ಬಹಳ ಕಾಲ ಬಿದ್ದಿದ್ದವು. ಈಚೆಗೆ ಗೋದಾವರಿಯ ಬಯಲಿನಲ್ಲಿ ನಮ್ಮವರೇ ಅಗೆದು ಆನೆಗಿಂತ ದೊಡ್ಡದೊಂದನ್ನು ತೆಗೆದಿದ್ದಾರೆ, ಕಲಕತ್ತೆಯಲ್ಲಿ ಜೋಡಿಸಲು ಕೂತಿದ್ದಾರೆ. ಅವು ಇದ್ದಾಗ ಭೂಮಿಯ ಮೇಲೆ ಒಬ್ಬ ಮನುಷ್ಯನೂ ಇರಲಿಲ್ಲ.

"ಹಂಗಾರ ಯಾರನ್ನೂ ತಿಂದಿಲ್ಲ," ಅಂದ ಅಣ್ಣ.

"ಒಬ್ಬರನ್ನೂ ಇಲ್ಲ."

ಅಣ್ಣನಿಗೆ ಯಾಕೋ ಇದರಿಂದ ಬಹಳ ಸಮಾಧಾನವಾಯಿತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಮೇಷ್ಟ್ರು ಮುಂದಿನ ವಾರ ಚಿತ್ರಗಳಿದ್ದ ಒಂದು ಇಂಗ್ಲಿಷ್ ಪುಸ್ತಕ ತಂದು ಕೊಟ್ಟರು. ನಾನು ಡಿಕ್ಷನರಿ ಇಟ್ಟುಕೊಂಡು ಓದಿ, ಮೈಕಿನ ಮಾತನ್ನು ಬದಲಾಯಿಸಿದೆ. ಡಾಕ್ಟರನ ಕಥೆ, ಹೆಬ್ಬೆರಳಿನ ಕಥೆ, ಜಬಲಪುರದ ಗುಡ್ಡ, ಗೋದಾವರಿ. ಜನ ಎರಡು ನಿಮಿಷ ಕೇಳಿ ಕನ್ನಡಿಗಳ ಡೇರೆಯ ಕಡೆ ಸರಿದರು. ಶೇಟ್ ನನ್ನನ್ನು ಕರೆದು ಬೈಯಲಿಲ್ಲ, ಚಹಾ ತರಿಸಿ ಕೊಟ್ಟು ಹೇಳಿದ: "ಬೇಟಿ, ತೂ ಸಚ್ ಬೋಲ್ತೀ ಹೈ, ನಿಜವನ್ನೇ ಹೇಳುತ್ತೀ. ಆದರೆ ಇಲ್ಲಿಗೆ ಬರುವವರು ಹೆದರಲು ಬರುತ್ತಾರೆ. ಹೆದರಿಸಿ ಕಳಿಸು." ನಾನು ಎರಡನ್ನೂ ಬೆರೆಸಿ ಹೇಳತೊಡಗಿದೆ. ಊರು ತಿನ್ನುವ ಮಾತನ್ನು ಮಾತ್ರ ಮತ್ತೆ ಹೇಳಲಿಲ್ಲ.

ಮಳೆಗಾಲದಲ್ಲಿ ಎಲ್ಲವನ್ನೂ ಬಿಚ್ಚಿ ಗೋದಾಮಿನಲ್ಲಿಟ್ಟರು. ಆ ವರ್ಷ ಮಳೆ ಸರಿಯಾಗಿ ಬೀಳಲಿಲ್ಲ. ಊರ ಕಡೆಯಿಂದ ಜನ ಗಂಟು ಮೂಟೆ ಕಟ್ಟಿಕೊಂಡು ಬಂದು ನಮ್ಮ ಚಾಳಿನ ವರಾಂಡದಲ್ಲೇ ಮಲಗುತ್ತಿದ್ದರು. ದೀಪಾವಳಿ ಕಳೆದ ಮೇಲೆ ಶೇಟ್ ಪ್ರದರ್ಶನವನ್ನು ಮುಲುಂಡಿನಲ್ಲಿ ಹಾಕಿದ. ನಾವು ದಾದರಿಗೆ ಹೋಗಿ ಗಾಡಿ ಬದಲಿಸಿ ಹೋಗಬೇಕಾಗಿತ್ತು. ದಾದರಿನ ಸೇತುವೆಯ ಮೆಟ್ಟಿಲು ಹತ್ತಿ ಅಣ್ಣ ಮೇಲೆ ಕಟಕಟೆ ಹಿಡಿದು ನಿಲ್ಲುತ್ತಿದ್ದ. ನಾನು ಕೆಳಗೆ ಹೋಗುವ ಗಾಡಿಗಳನ್ನು ನೋಡುವವಳಂತೆ ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅವನ ಉಸಿರು ಮರಳಿದ ಮೇಲೆ ನಡೆಯುತ್ತಿದ್ದೆವು.

ಮುಲುಂಡಿನಲ್ಲಿ ನಮ್ಮ ಎದುರಿಗೇ ಮರದ ಬಾವಿಯಲ್ಲಿ ಮೋಟಾರ್ ಸೈಕಲ್ ಓಡಿಸುವವರು ಬಂದು ಕೂತರು. ಜನ ಅತ್ತ ಹರಿದರು. ಶೇಟ್ ಕೆಲವು ದಿನ ನೋಡಿ, ಸಿನಿಮಾದವರು ಮಾಡಿಸಿದ್ದ ಹೊಗೆಯ ಕೊಳವೆಯನ್ನು ಹುಡುಕಿ ತೆಗೆಸಿದ. ಪ್ರಾಣಿಯ ಗಂಟಲಿನ ಕೆಳಗೆ ತಗಡಿನ ಒಂದು ತಟ್ಟೆ, ಅದರಲ್ಲಿ ಕೆಂಡ, ಕೆಂಡದ ಮೇಲೆ ಲೋಬಾನ ಮತ್ತು ಮರದ ಪುಡಿ. ತಿದಿ ಒತ್ತಿದರೆ ಬಾಯಿಂದ, ಮೂಗಿನಿಂದ ಬಿಳಿ ಹೊಗೆ. ಮೊದಲ ದಿನವೇ ಜನ ಕೂಗಿಕೊಂಡು ಹಿಂದೆ ಸರಿದರು, ಮರುದಿನ ಮಂದಿಯನ್ನು ಕರೆದುಕೊಂಡು ಬಂದರು. ಹೊರಗೆ ಹೋಗದ ಹೊಗೆ ಹೊಟ್ಟೆಯೊಳಗೆ ಇಳಿಯುತ್ತಿತ್ತು.

ನಾನು ಶೇಟನಿಗೆ ಹೇಳಿದೆ. ಯಾವ ಡೈನೊಸಾರೂ ಹೊಗೆ ಬಿಡುತ್ತಿರಲಿಲ್ಲ, ಅಣ್ಣನಿಗೆ ಎದೆ ಸರಿಯಿಲ್ಲ ಅಂದೆ. ಅವನು ಅಣ್ಣನನ್ನೇ ಕರೆಸಿ ಕೇಳಿದ. ಅಣ್ಣ ನೆಲ ನೋಡುತ್ತ, ಏನೂ ತೊಂದರೆಯಿಲ್ಲ ಶೇಟ್ ಅಂದ.

ಮನೆಗೆ ಹೋಗುವ ಗಾಡಿಯಲ್ಲಿ ಜಗಳವಾಯಿತು.

"ಸುಳ್ಳ ಯಾಕ ಹೇಳಿದಿ?"

"ಖರೇ ಹೇಳಿದ್ರ ನಾಳಿ ಆ ಹಲಗಿ ಮ್ಯಾಲ ಬ್ಯಾರೆಯವ ಕುಂತಿರತಾನ."

"ಕುಂಡ್ರಲಿ."

"ಆಮ್ಯಾಲ ನಾ ಎಲ್ಲಿ ಕುಂಡ್ರಲಿ? ಅವ್ವ ಮಂದಿ ಮನಿ ಭಾಂಡಿ ತಿಕ್ಕೂದು ನೋಡಕೋತ ಖೋಲ್ಯಾಗ ಕುಂಡ್ರಲೇನು?"

ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಬಂದೆವು. ಇಳಿದ ಮೇಲೆ ಅವನೇ ನನಗೆ ಕಡಲೆಕಾಯಿ ಕೊಡಿಸಿದ.

ಅದು ಒಂದು ಭಾನುವಾರ. ಸಂಜೆ ಸೂರ್ಯ ಇನ್ನೂ ಮುಳುಗಿರಲಿಲ್ಲ. ಮುಂದಿನ ಸಾಲಿನಲ್ಲಿ ಮಕ್ಕಳು, ಹಿಂದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ನಾನು ಜಬಲಪುರದ ಗುಡ್ಡದ ಮಾತು ಮುಗಿಸಿ, ಈಗ ನೋಡಿ, ಕೋಟಿ ಕೋಟಿ ವರ್ಷಗಳ ನಿದ್ದೆಯಿಂದ ಏಳುತ್ತಿದೆ ಎಂದೆ. ಕುತ್ತಿಗೆ ಎದ್ದಿತು. ಹೊಗೆ ಬಂತು. ಗರ್ಜನೆ ಬರಬೇಕಾದಲ್ಲಿ ಒಂದು ಬೇರೆ ದನಿ ಬಂತು, ಗೋಣಿಚೀಲ ಹರಿದಂಥದ್ದು. ಆಮೇಲೆ ಕುತ್ತಿಗೆ ಒಮ್ಮೆಲೇ ಕೆಳಗೆ ಬಿತ್ತು. ತಲೆ ಕಟಕಟೆಯ ಮೇಲೆ ಅಪ್ಪಳಿಸಿ, ದವಡೆ ತೆರೆದು, ಮಕ್ಕಳ ಮುಂದೆ ನಿಂತಿತು. ಒಂದು ಕೆಂಪು ಬಲ್ಬು ಒಡೆಯಿತು. ಜನ ಚಪ್ಪಾಳೆ ತಟ್ಟಿದರು. ಇದು ಹೊಸ ಆಟವೆಂದುಕೊಂಡರು.

ನಾನು ಮೈಕಿನಲ್ಲೇ ಕರೆದೆ. "ಅಣ್ಣಾ, ಕುತ್ತಿಗಿ ಎತ್ತು." ಮೈದಾನದ ಎಲ್ಲ ಸ್ಪೀಕರುಗಳಲ್ಲೂ ನನ್ನ ದನಿ ನನಗೇ ಕೇಳಿಸಿತು. "ಅಣ್ಣಾ, ಅಣ್ಣಾ, ಮಾತಾಡೋ." ಅಲ್ಲಿದ್ದವರಲ್ಲಿ ಎಷ್ಟು ಜನರಿಗೆ ಕನ್ನಡ ಗೊತ್ತಿತ್ತೋ. ಚಪ್ಪಾಳೆ ಇನ್ನೂ ನಡೆದಿತ್ತು. ನಾನು ಮೈಕ್ ಕೆಳಗಿಟ್ಟು ಹಿಂದಕ್ಕೆ ಓಡಿ, ಬಾಲದ ಬುಡದ ಪರದೆ ಕಿತ್ತು ಒಳಗೆ ನುಗ್ಗಿದೆ. ಕಣ್ಣು ಬಿಡಲಾಗದಷ್ಟು ಹೊಗೆ. ಅಣ್ಣ ಹಲಗೆಯಿಂದ ಮುಂದಕ್ಕೆ ಬಿದ್ದು, ಹಗ್ಗ ಮುಂಗೈಗೆ ಸುತ್ತಿಕೊಂಡು, ಎರಡೂ ಮೊಣಕಾಲು ಊರಿ, ಬಾಯಿ ತೆರೆದು ಗಾಳಿ ಹುಡುಕುತ್ತಿದ್ದ. ನಾನು ಅವನ ಕಂಕುಳಲ್ಲಿ ಕೈಹಾಕಿ ಎಳೆದೆ. ಮೋಟಾರ್ ಸೈಕಲ್ ಬಾವಿಯವನೊಬ್ಬ ಓಡಿ ಬಂದು ಗೋಣಿಯನ್ನು ಚಾಕುವಿನಿಂದ ಸೀಳಿದ. ಪ್ರಾಣಿಯ ಪಕ್ಕೆಯಿಂದ ಅಣ್ಣನನ್ನು ಹೊರಗೆ ತೆಗೆದೆವು. ಬರಿಮೈ, ಟವೆಲ್, ಮೈಯೆಲ್ಲ ಮಸಿ. ಚಪ್ಪಾಳೆ ಆಗ ನಿಂತಿತು. ಒಂದು ಮಗು ಅಳತೊಡಗಿತು. ಯಾರೋ ಒಬ್ಬ, ಅರೆ, ಇದರೊಳಗೆ ಮನುಷ್ಯ ಇದ್ದ ಅಂದ. ಮೋಸ ಹೋದವನ ಸಿಟ್ಟು ಅವನ ದನಿಯಲ್ಲಿತ್ತು.

ಸರಕಾರಿ ಆಸ್ಪತ್ರೆಯ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಮಿಲ್ಲಿನಲ್ಲಿ ಯಾವ ಖಾತೆ ಎಂದಷ್ಟೇ ಕೇಳಿದರು. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದು, ಎದೆಗೂಡು ಹತ್ತಿಯಿಂದಲೇ ಹಾಳಾಗಿತ್ತು, ಹೊಗೆ ಉಳಿದದ್ದನ್ನು ಮುಗಿಸಿದೆ, ಇನ್ನು ಔಷಧದಿಂದ ಸ್ವಲ್ಪ ಆರಾಮ ಸಿಗಬಹುದು, ಹೋದದ್ದು ಬರುವುದಿಲ್ಲ ಅಂದರು. ಶೇಟ್ ಮೋಸಂಬಿ ತೆಗೆದುಕೊಂಡು ಬಂದು ಮಂಚದ ಕಾಲ ಬಳಿ ಕೂತ. ಅವನ ಕಣ್ಣು ಒದ್ದೆಯಾಗಿದ್ದವು. ಹೋಗುವ ಮೊದಲು ನನಗೆ, ನೀನು ಯಾವಾಗ ಬರುತ್ತೀ ಎಂದು ಕೇಳಿದ. ನಾನು ಬರುವುದಿಲ್ಲ ಅಂದೆ. ಗೋಣಿಯ ಸೀಳನ್ನು ಹೊಲಿಸಿ, ಹೊಸಬನನ್ನು ಕೂರಿಸಿ, ಆಟ ಮರುದಿನವೇ ನಡೆದಿತ್ತೆಂದು ಆಮೇಲೆ ತಿಳಿಯಿತು.

ಅಣ್ಣನನ್ನು ಮನೆಗೆ ತಂದೆವು. ಅವನಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಹಾಸಿಗೆಯ ಸುರುಳಿ ಒರಗಿಸಿ ಕೂರಿಸಿದರೆ ಹಾಗೇ ತೂಗಾಡುತ್ತ ನಿದ್ದೆ ಮಾಡುತ್ತಿದ್ದ. ಅವ್ವ ಎರಡು ಬಿಲ್ಡಿಂಗಿನ ಕೆಲಸ ಬಿಟ್ಟಳು. ಸ್ಟೇಷನ್ ಹತ್ತಿರದ ಔಷಧದ ಪುಡಿಯ ಕಾರ್ಖಾನೆಯಲ್ಲಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸಕ್ಕೆ ನಾನು ಸೇರಿದೆ. ಅವ್ವ ಹತ್ತಿಯ ಮಾತನ್ನು ಒಪ್ಪಲೇ ಇಲ್ಲ. ಮಿಲ್ಲಿನಲ್ಲಿ ಸಾವಿರ ಜನ ಇದ್ದಾರೆ, ಎಲ್ಲರೂ ಹೀಗಾಗಿದ್ದಾರೇನು ಎಂದು ವಾದ.

"ಸತ್ತದ್ದಕ್ಕ ಒಂದು ಹೂವ ಏರಿಸಿಲ್ಲ, ಒಂದು ಕಾಯಿ ಒಡದಿಲ್ಲ. ದಿನಾ ಹೋಗಿ ಹೊಟ್ಟ್ಯಾಗ ಕುಂತು ಎಬ್ಬಿಸ್ಯಾನ. ಮಲಗಿದ್ದನ್ನ ಎಬ್ಬಿಸಿದ್ರ ಸುಮ್ನ ಬಿಡತೈತೇನು?"

"ಅವ್ವಾ, ಅದು ಬಿದಿರು, ತಟ್ಟು. ಸಿನಿಮಾದವ್ರು ಮಾಡಿದ್ದು."

"ಹಂಗಾರ ನೀ ಯಾಕ ಮೈಕಿನ್ಯಾಗ ಖರೇನ ಇತ್ತು ಅಂತಿದ್ದಿ?"

ನಾನು ಮೇಷ್ಟ್ರ ಪುಸ್ತಕ ತೆಗೆದು ಎಲುಬುಗಳ ಚಿತ್ರ ತೋರಿಸಿದೆ. ಅದರಿಂದ ಕೆಡುಕೇ ಆಯಿತು. ಇಷ್ಟು ದೊಡ್ಡ ಎಲುಬು ಕಣ್ಣಾರೆ ಕಂಡ ಮೇಲೆ ಅವಳ ನಂಬಿಕೆ ಗಟ್ಟಿಯಾಯಿತು.

ಪ್ರದರ್ಶನ ಮುಲುಂಡಿನಿಂದ ಎದ್ದುಹೋಗುವ ಮೊದಲು ತನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದಳು. ಅಣ್ಣ ನಕ್ಕು, ಕರಕೊಂಡು ಹೋಗು, ಆಕೀಗೆ ಸಮಾಧಾನ ಆಗಲಿ ಅಂದ. ಪಕ್ಕದ ಖೋಲಿಯವರಿಗೆ ಅವನನ್ನು ನೋಡಿಕೊಳ್ಳಲು ಹೇಳಿ, ಒಂದು ಮಧ್ಯಾಹ್ನ ಹೋದೆವು. ಅವ್ವನ ಚೀಲದಲ್ಲಿ ಕಾಯಿ, ಊದಿನಕಡ್ಡಿ, ಅರಿಶಿನ ಕುಂಕುಮ. ಆಟ ಶುರುವಾಗಿತ್ತು. ಮೈಕಿನಲ್ಲಿ ಒಬ್ಬ ಗಂಡಸಿನ ದನಿ ಊರು ತಿನ್ನುವ ಮಾತನ್ನೇ ಹೇಳುತ್ತಿತ್ತು. ಅವ್ವ ಕಟಕಟೆ ದಾಟಿ ನೆಟ್ಟಗೆ ಹೋಗಿ, ಪ್ರಾಣಿಯ ಮುಂಗಾಲಿಗೆ ಅರಿಶಿನ ಕುಂಕುಮ ಹಚ್ಚಿದಳು. ಯಾರೂ ತಡೆಯಲಿಲ್ಲ. ಅವಳನ್ನು ನೋಡಿ ಇನ್ನಿಬ್ಬರು ಹೆಂಗಸರು ಮುಂದೆ ಬಂದು ಕೈಮುಗಿದರು. ಒಬ್ಬಳು ಒಂದು ಪೈಸೆ ಇಟ್ಟಳು. ಶೇಟ್ ಟಿಕೆಟ್ ಮೇಜಿನಿಂದ ಎದ್ದು ನಿಂತು ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಹೊಸ ಯೋಚನೆ ಮೂಡುತ್ತಿದ್ದುದು ನನಗೆ ಕಂಡಿತು.

ಅವ್ವ ಕಾಯಿ ಒಡೆದಳು. ಎರಡೂ ಹೋಳನ್ನು ನೀರು ಚೆಲ್ಲದಂತೆ ಹಿಡಿದು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು. ಆಗ ಹೊಟ್ಟೆಯೊಳಗಿನಿಂದ ಕೆಮ್ಮು ಕೇಳಿತು. ಗಂಟಲು ಸರಿಪಡಿಸಿಕೊಳ್ಳುವ ಕೆಮ್ಮಲ್ಲ. ನಮ್ಮ ಖೋಲಿಯಲ್ಲಿ ನಾವು ದಿನವೂ ಕೇಳುತ್ತಿದ್ದಂಥದ್ದೇ, ಬುಡದಿಂದ ಎದ್ದು ಮೇಲೆ ಬಾರದೆ ನಿಲ್ಲುವಂಥದ್ದು. ಅವ್ವ ಕಣ್ಣು ತೆರೆದಳು. ಸ್ವಲ್ಪ ಹೊತ್ತು ಹಾಗೇ ನಿಂತು ಕೇಳಿದಳು. ಆಮೇಲೆ ಬಗ್ಗಿ, ಹೋಳುಗಳನ್ನು ನೆಲಕ್ಕಿಟ್ಟು, ಗಂಟಲಿನ ಕೆಳಗಿದ್ದ ತಗಡಿನ ತಟ್ಟೆಯನ್ನು ಸೆರಗಿನಿಂದ ಹಿಡಿದು ಹೊರಗೆಳೆದು, ಒಂದು ಹೋಳಿನ ನೀರನ್ನು ಕೆಂಡದ ಮೇಲೆ ಹೊಯ್ದಳು. ಚುಂಯ್ ಎಂದು ಬೂದಿ ಎದ್ದು ಅವಳ ಮುಖಕ್ಕೆ ಬಡಿಯಿತು. ಇನ್ನೊಂದು ಹೋಳಿನ ನೀರನ್ನೂ ಹೊಯ್ದು, ಸಾಲದೆ ತಟ್ಟೆಯನ್ನು ಕಾಲಿನಿಂದ ಮಗುಚಿದಳು.

ಶೇಟ್ ಓಡಿ ಬಂದ. ಅವ್ವ ಅವನಿಗೆ ಕನ್ನಡದಲ್ಲೇ ಹೇಳಿದಳು: "ಒಳಗ ಮನಷ್ಯಾ ಅದಾನಪಾ. ಅವನೂ ಯಾರೋ ಹಡದಾಕಿ ಮಗ." ಶೇಟ್ ನನ್ನ ಮುಖ ನೋಡಿದ. ನಾನು ಹಿಂದಿಗೆ ತಿರುಗಿಸಿ ಹೇಳಿದೆ. ಅವನು ತಲೆ ತಗ್ಗಿಸಿ ನಿಂತ. ಆ ದಿನದ ಮಟ್ಟಿಗೆ ಹೊಗೆ ನಿಲ್ಲಿಸಿದ. ಪರದೆ ಸರಿಸಿ ಹೊರಗೆ ಬಂದವನು ಉತ್ತರದ ಕಡೆಯ ಒಬ್ಬ ನಡುವಯಸ್ಸಿನವ. ಕಣ್ಣು ಒರೆಸಿಕೊಳ್ಳುತ್ತ, ತನ್ನ ಕೆಲಸ ಹೋಗುತ್ತದೆಂಬ ಭಯದಿಂದ ನಮ್ಮಿಬ್ಬರನ್ನೂ ಕೆಟ್ಟದಾಗಿ ಬೈದ. ಅವ್ವ ಅವನಿಗೆ ಕಾಯಿಯ ಒಂದು ಹೋಳು ಕೊಟ್ಟಳು. ಅವನು ತೆಗೆದುಕೊಂಡ.

ಮುಂದಿನ ಮಳೆಗಾಲದ ಹೊತ್ತಿಗೆ ಅಣ್ಣ ನಾಲ್ಕು ಮಾತು ಒಟ್ಟಿಗೆ ಆಡಲಾರದಂತಾಗಿದ್ದ. ಪುಸ್ತಕದ ಚಿತ್ರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಪುಟ ತಿರುಗಿಸುತ್ತಿದ್ದ. ಸೊಪ್ಪು ತಿನ್ನುವ ಉದ್ದ ಕುತ್ತಿಗೆಯದು ಅವನಿಗೆ ಇಷ್ಟ. ಒಂದು ಬೆಳಿಗ್ಗೆ ಅವ್ವ ಚಹಾ ತೆಗೆದುಕೊಂಡು ಹೋದಾಗ ಹಾಸಿಗೆಯ ಸುರುಳಿಗೆ ಒರಗಿ ಕೂತಂತೆಯೇ ಇದ್ದ. ಹೊರಗೆ ಜೋರು ಮಳೆ. ಚಾಳಿನ ಗಂಡಸರು ಕೆಲಸಕ್ಕೆ ರಜೆ ಹಾಕಿ ಬಂದರು. ಮಿಲ್ಲಿಗೂ ತಿಳಿಸಿದೆವು. ಬದಲಿಯವನಾದ್ದರಿಂದ ಮಿಲ್ಲಿಗೆ ಅವನು ಯಾರೂ ಅಲ್ಲ ಎಂದು ಉತ್ತರ ಬಂತು.

ಹತ್ತಾರು ದಿನಗಳಾದ ಮೇಲೆ ಮೇಷ್ಟ್ರು ವಿಳಾಸ ಹುಡುಕಿಕೊಂಡು ಬಂದರು. ಛತ್ರಿ ಬಾಗಿಲಲ್ಲಿಟ್ಟು ಚಾಪೆಯ ಮೇಲೆ ಕೂತರು. ಪುಸ್ತಕವನ್ನು ವಾಪಸು ಕೊಡಲು ಹೋದರೆ, ಇರಲಿ ಎಂದು ಕೈಯಾಡಿಸಿದರು. ನಮ್ಮ ಚಾಳಿನ ಹಿಂದಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿಯೊಂದಿತ್ತು. ಅವರು ಕೂತಿದ್ದಾಗ ಅಲ್ಲಿ ಮದ್ದು ಸಿಡಿಸಿದರು. ಗೋಡೆ ಅದುರಿ, ಮೇಲಿಟ್ಟ ಪಾತ್ರೆಗಳು ಸದ್ದು ಮಾಡಿದವು.

ಅವ್ವ ಆ ಕಡೆ ತಲೆ ತಿರುಗಿಸಿ, "ಇಲ್ಲೂ ಅದಾವೇನ್ರಿ, ಆ ಪ್ರಾಣಿಗೋಳ ಎಲುಬು?" ಅಂತ ಕೇಳಿದಳು.

"ಇಲ್ಲವಾ. ಇಲ್ಲಿ ಕರೇಕಲ್ಲು. ಭೂಮಿ ಒಳಗಿಂದ ಬೆಂಕಿಯಂಗ ಹರದು ಬಂದು ತಣ್ಣಗಾದ ಕಲ್ಲು. ಇಡೀ ಮುಂಬಯಿ ಅದರ ಮ್ಯಾಲ ಕುಂತೈತಿ. ಆ ಪ್ರಾಣಿಗೋಳು ಕಡೀಕ ಸಾಯೂ ಕಾಲಕ್ಕ, ಹೆಚ್ಚುಕಡಿಮಿ ಆಗಲೇ, ಹರದದ್ದು ಇದು. ಇದರಾಗ ಸಿಕ್ಕದ್ದು ಸುಟ್ಟು ಹೋಗಿರತೈತಿ. ಎಲುಬು ಉಳಿಯೂದಿಲ್ಲ."

"ಎಲ್ಲಾ ಯಾಕ ಸತ್ತವ್ರಿ?"

"ಯಾರಿಗೂ ಗೊತ್ತಿಲ್ಲವಾ. ಭಾಳ ಮಂದಿ ಭಾಳ ಹೇಳತಾರ. ಖರೇ ಯಾರಿಗೂ ಗೊತ್ತಿಲ್ಲ."

ಅವ್ವ ತಲೆಯಾಡಿಸಿದಳು. ಓದಿದ ಮನುಷ್ಯನೊಬ್ಬ ಗೊತ್ತಿಲ್ಲ ಎಂದದ್ದು ಅವಳಿಗೆ ಸರಿಯೆನಿಸಿದಂತೆ ಕಂಡಿತು. ಅವರಿಗೆ ಚಹಾ ಮಾಡಿ ಕೊಟ್ಟಳು. ಅಣ್ಣ ಸತ್ತ ಮೇಲೆ ಆ ಮನೆಯಲ್ಲಿ ಹೊರಗಿನವರಿಗೆಂದು ಒಲೆ ಹೊತ್ತಿಸಿದ್ದು ಅದೇ ಮೊದಲು. ಮುಂದಿನ ವಾರದಿಂದ ಅವಳು ಮಲಾಡಿನಲ್ಲಿ ಬಿಟ್ಟಿದ್ದ ಬಿಲ್ಡಿಂಗುಗಳಿಗೂ ಮತ್ತೆ ಕೆಲಸಕ್ಕೆ ಹೋಗತೊಡಗಿದಳು. ನಾನು ಬಾಟಲಿಗಳ ಕಾರ್ಖಾನೆಯಲ್ಲಿ ಇನ್ನೂ ಕೆಲವು ವರ್ಷ ಇದ್ದೆ.